ಯುವನಿಧಿ ನಿಲ್ಲುತ್ತದೆಂದು ಪಿಎಫ್ ಬೇಡ ಎನ್ನಲೇ?

ಖಂಡಿತ ಎನ್ನಬೇಡಿ. ಪಿಎಫ್ ಕಟ್ಟಿದರೆ ಕೆಲಸವಿರುವುದು ದಾಖಲಾಗಿ ಯುವನಿಧಿ, ಅಂದರೆ ರಾಜ್ಯ ಸರಕಾರದ ನಿರುದ್ಯೋಗ ಭತ್ಯೆ, ತಪ್ಪುತ್ತದೆ, ಸುಮ್ಮನೆ ಹೀಗೆಯೇ ಕೆಲಸ ಮಾಡು ಎಂದು ನಿಮ್ಮ ಧಣಿಗಳು ಹೇಳಿದರೆಂದು ಬರೆದಿದ್ದೀರಿ. ನನ್ನ ಧಣಿಗಳಿಗೆ ಆ ಕಷ್ಟವೂ ಇರಲಿಲ್ಲ. ನಾನೇ ಹೋಗಿ ಕೇಳಿಕೊಂಡೆ.

2023ರಲ್ಲಿ ಬಿ.ಕಾಂ. ಮುಗಿಸಿದವನು ನಾನು. ಮರುವರ್ಷ ಜನವರಿಯಲ್ಲಿ ಯುವನಿಧಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ನಡುವೆ ಕೆಲಸ ಸಿಕ್ಕಿದರೆ ಬಂದ್. ಅಷ್ಟರಲ್ಲಿ ಉಡುಪಿಯ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲು, ಜಿಎಸ್‌ಟಿ ಲೆಕ್ಕ ನೋಡುವ ಕೆಲಸ ಸಿಕ್ಕಿತು. ಸಂಬಳ 12,000. ಗೋದಾಮಿನವರೂ ಸೇರಿ ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದ ಅಂಗಡಿ, ಅಂದರೆ ಪಿಎಫ್ ಕಟ್ಟಲೇಬೇಕಾದದ್ದು. ನನ್ನ ಹೆಸರು ಪುಸ್ತಕದಲ್ಲಿ ಬೇಡ, ಸಂಬಳ ಕೈಗೇ ಕೊಡಿ ಎಂದೆ. ಧಣಿಗಳು ಚಹಾ ತರಿಸಿದರು! ಏಕೆಂದು ಆಗ ಹೊಳೆಯಲಿಲ್ಲ.

ಲೆಕ್ಕ ಓದಿದವನು ಈ ಲೆಕ್ಕ ಮಾಡಲಿಲ್ಲ ನೋಡಿ. 12,000ಕ್ಕೆ ಶೇ 12ರಂತೆ ನನ್ನ ಪಾಲು 1,440, ಧಣಿಗಳ ಪಾಲೂ 1,440. ನನ್ನದು ಹೇಗೂ ನನ್ನದೇ ದುಡ್ಡು. ಅವರದ್ದು ಅವರಲ್ಲೇ ಉಳಿಯಿತು. ಇಎಸ್ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ, ನನ್ನಿಂದ ಹೋಗುತ್ತಿದ್ದುದು 90 ರೂಪಾಯಿ, ಅವರಿಂದ 390, ಅದೂ ಉಳಿಯಿತು. ಸರಕಾರ ನನಗೆ ಕೊಟ್ಟ 3,000ದ ನೆರಳಿನಲ್ಲಿ ಅವರಿಗೂ ತಿಂಗಳಿಗೆ 1,830 ರೂಪಾಯಿ ಲಾಭ. ನಾನು ಮಾತ್ರ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ನಿರುದ್ಯೋಗಿ ಎಂದು ಸುಳ್ಳು ಘೋಷಣೆ ಹಾಕುತ್ತ ಕುಳಿತೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಂಗಳೂರಿನ ಬೈಕಂಪಾಡಿಯ ಒಂದು ಕಂಪೆನಿಗೆ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹಾಕಿದಾಗ ಅನುಭವ ಪತ್ರ ಕೇಳಿದರು, ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಕೇಳಿದರು. ಎರಡೂ ಇಲ್ಲ. ಧಣಿಗಳಲ್ಲಿಗೆ ಓಡಿದೆ. "ಪುಸ್ತಕದಲ್ಲಿ ಇಲ್ಲದವನಿಗೆ ಪತ್ರ ಕೊಟ್ಟು ನಾನು ಸಿಕ್ಕಿಹಾಕಿಕೊಳ್ಳಲೇ ಮಾರಾಯ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಅದೇ ಉರಿಯುವುದು. ಸಂಬಳ ಬ್ಯಾಂಕಿಗೆ ಬಂದಿದ್ದರೆ ಪಾಸ್‌ಬುಕ್ಕಾದರೂ ತೋರಿಸಬಹುದಿತ್ತು. ಕೊನೆಗೆ ಆ ವರ್ಷ ಕಾಲೇಜು ಬಿಟ್ಟ ಹುಡುಗರ ಜತೆ, ಅವರದೇ ಸಂಬಳಕ್ಕೆ ಸೇರಿದೆ. ಅವರಿಗೆ ಜಿಎಸ್‌ಟಿ ರಿಟರ್ನ್ ಕಲಿಸಿದವನೂ ನಾನೇ.

ಇಂಥ ಹಣ ಯುವಕರನ್ನು ಸೋಮಾರಿ ಮಾಡುತ್ತದೆ ಎಂದು ನಿಮ್ಮ ಅಪ್ಪ ಹೇಳುತ್ತಾರಂತೆ. ನಾನು ಒಪ್ಪುವುದಿಲ್ಲ. ಮಣಿಪಾಲದಲ್ಲಿ ಪಿಜಿ ಬಾಡಿಗೆಗೂ ಸಾಲದ 3,000ಕ್ಕೆ ಯಾರು ಮನೆಯಲ್ಲಿ ಮಲಗುತ್ತಾರೆ? ನನ್ನ ಜತೆಯವರೆಲ್ಲ ದುಡಿಯುತ್ತಲೇ ಇದ್ದರು, ಕದ್ದು. ಕೆಲಸ ಸಿಕ್ಕಿದೊಡನೆ ಪೂರ್ತಿ ನಿಲ್ಲಿಸುವ ಬದಲು ಆರು ತಿಂಗಳು ಅರ್ಧ ಹಣವಾದರೂ ಕೊಟ್ಟಿದ್ದರೆ ಹೆಚ್ಚಿನವರು ಅಡಗಿಕೊಳ್ಳುತ್ತಿರಲಿಲ್ಲ ಎಂದು ನನ್ನ ಲೆಕ್ಕಾಚಾರ. ಬಸ್ಸಿನ ಖರ್ಚು, ಒಂದು ಜತೆ ಒಳ್ಳೆಯ ಅಂಗಿ, ಮೊದಲ ಸಂಬಳದವರೆಗಿನ ಊಟ, ಇವಕ್ಕೇ ತಾನೆ ಆ ಹಣ ಬೇಕಾದದ್ದು.

ಯುವನಿಧಿ ಇನ್ನೂ ಏಳು ತಿಂಗಳು ಬಾಕಿ, ಅಲ್ಲಿಯವರೆಗೆ ಕಾಯಲೇ ಎಂದೂ ಕೇಳಿದ್ದೀರಿ. ಅದೂ ಬೇಡ. ಈ ತಿಂಗಳಿನಿಂದಲೇ ಘೋಷಣೆ ನಿಲ್ಲಿಸಿ. ನೇಮಕಾತಿ ಪತ್ರ ಕೇಳಿ, ಸಂಬಳ ಖಾತೆಗೇ ಬರಲಿ, ಯುಎಎನ್ ಬಂದ ದಿನವೇ ಮೊಬೈಲಿನಲ್ಲಿ ಸಕ್ರಿಯಗೊಳಿಸಿ, ಧಣಿಗಳ ಪಾಲು ಜಮೆಯಾಗುತ್ತಿದೆಯೇ ಎಂದು ಆಗಾಗ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. "ಆಮೇಲೆ ನೋಡೋಣ" ಎಂದು ಧಣಿಗಳೆಂದರೆ ಎಷ್ಟು ದಿನದೊಳಗೆ ಎಂದು ಅಲ್ಲೇ ಕೇಳಿಬಿಡಿ.