ಮುಪ್ಪಿನ ಭಯ: ಕನ್ನಡಕದ ಅಂಗಡಿಯವನೊಬ್ಬನ ಉತ್ತರ

ನಿಮಗೆ 37 ವರ್ಷ, ಮದುವೆಯಾಗಿಲ್ಲ, ಊರು ಗೌರಿಬಿದನೂರು ಕಡೆ, ಕೆಲಸ ಬೆಂಗಳೂರಿನಲ್ಲಿ ಅಂತ ಬರೆದಿದ್ದೀರಿ. ಅಜ್ಜಿ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದದ್ದನ್ನು ನೋಡಿದ ಮೇಲೆ ವಯಸ್ಸಾಗುವುದು ಅಂದರೇನೇ ಭಯ. ಬಿಳಿ ಕೂದಲು ಕಂಡರೆ ಎದೆ ಧಸಕ್ ಅನ್ನುತ್ತದೆ. ಇದು ಎಲ್ಲರಿಗೂ ಇರುತ್ತದಾ, ಹೇಗೆ ತಡೆದುಕೊಳ್ಳುವುದು ಅನ್ನುವುದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಶಿಡ್ಲಘಟ್ಟದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ, ಅರವತ್ತು ಹತ್ತಿರ ಬರುತ್ತಿದೆ. ಎಲ್ಲರಿಗೂ ಇರುತ್ತದಾ ಅಂದರೆ, ಹೌದು, ಆದರೆ ನೀವು ಅಂದುಕೊಂಡ ವಯಸ್ಸಿನಲ್ಲಿ ಅಲ್ಲ. ನನ್ನ ಅಂಗಡಿಗೆ ಬರುವವರಲ್ಲಿ ಮುಪ್ಪಿಗೆ ಜಾಸ್ತಿ ಹೆದರುವವರು ನಲವತ್ತರ ಆಸುಪಾಸಿನವರು. ಮೊಬೈಲನ್ನು ತೋಳುದ್ದ ದೂರ ಹಿಡಿದುಕೊಂಡು ಬರುತ್ತಾರೆ. 'ಅಣ್ಣಾ, ಈ ಫೋನಲ್ಲಿ ಅಕ್ಷರ ಯಾಕೋ ಸಣ್ಣದಾಗ್ಬಿಟ್ಟಿದೆ' ಅನ್ನುತ್ತಾರೆ. ಚಾಳೀಸು (ನಲವತ್ತರ ಹೊತ್ತಿಗೆ ಹತ್ತಿರದ ಅಕ್ಷರ ಮಸುಕಾಗುವುದು) ಬಂದಿದೆ ಅಂದರೆ ಮುಖ ಇಳಿದುಹೋಗುತ್ತದೆ. ಕೆಲವರು 'ಇನ್ನೊಂದು ವರ್ಷ ನೋಡೋಣ' ಅಂತ ಎದ್ದೇ ಹೋಗುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯರು ಹಾಗಲ್ಲ. 'ಈ ಫ್ರೇಮು ಬೇಡಪ್ಪಾ, ಮುದುಕಿ ಥರ ಕಾಣ್ತೀನಿ' ಅಂತ ಜಗಳ ಆಡಿ, ನೂರು ರೂಪಾಯಿ ಚೌಕಾಸಿ ಮಾಡಿ ಹೋಗುತ್ತಾರೆ.

ಇದು ನನ್ನ ಅಂಗಡಿಯಲ್ಲಿ ಮಾತ್ರ ಕಾಣುವ ಸಂಗತಿ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಬಹಳ ವರ್ಷ ಇದನ್ನೇ ಅಧ್ಯಯನ ಮಾಡಿದವರು. ವಯಸ್ಸಾದಂತೆ ಜನ ತಮಗೆ ಬೇಕಾದ ಕೆಲವರನ್ನು ಹತ್ತಿರ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ, ಒಟ್ಟಾರೆ ಮನಸ್ಸು ಇನ್ನಷ್ಟು ಸಮಾಧಾನದಲ್ಲಿರುತ್ತದೆ ಅನ್ನುವುದು ಅವರಿಗೆ ಕಂಡುಬಂದ ವಿಷಯ. ಅಂದರೆ 37ರಲ್ಲಿ ಕೂತು ನೀವು ಊಹಿಸುತ್ತಿರುವ ಎಪ್ಪತ್ತೇ ಬೇರೆ, ಎಪ್ಪತ್ತಕ್ಕೆ ಹೋದವರು ಬಾಳುತ್ತಿರುವುದೇ ಬೇರೆ.

ಚಾಳೀಸಿನ ವಿಷಯ ಸ್ವಲ್ಪ ಹೇಳುತ್ತೇನೆ, ನನಗೆ ಗೊತ್ತಿರುವ ಕಸುಬು ಅದೇ ತಾನೇ. ಕಣ್ಣಿನೊಳಗಿನ ಲೆನ್ಸ್ ಚಿಕ್ಕಂದಿನಿಂದಲೇ ನಿಧಾನಕ್ಕೆ ಬಿಗಿಯಾಗುತ್ತಾ ಬರುತ್ತದೆ. ನಲವತ್ತರಲ್ಲಿ ಹೊಸದಾಗಿ ಏನೂ ಕೆಡುವುದಿಲ್ಲ, ಅದು ನಮಗೆ ಗೊತ್ತಾಗುವುದು ಆಗ, ಅಷ್ಟೇ. ಪವರ್ ಒಂದರಿಂದ ಶುರುವಾಗಿ ಏರುತ್ತಾ ಹೋಗಿ, ಅರವತ್ತರ ಹೊತ್ತಿಗೆ ಹೆಚ್ಚಿನವರಿಗೆ ಎರಡೂವರೆ, ಮೂರರಲ್ಲಿ ನಿಂತುಬಿಡುತ್ತದೆ. ನಿಲ್ಲುತ್ತದೆ ಅಂದರೆ ಯಾರೂ ನಂಬುವುದಿಲ್ಲ! ವಯಸ್ಸಿನ ಜೊತೆ ಎಲ್ಲವೂ ಕೊನೆಯಿಲ್ಲದೆ ಇಳಿಯುತ್ತಲೇ ಇರುತ್ತದೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ನಮ್ಮದು ರೇಷ್ಮೆ ಊರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯಬೇಕು, ಕೂದಲಿಗಿಂತ ಸಣ್ಣದು ಅದು. ನಲವತ್ತೈದು ದಾಟಿದ ಕೆಲಸದವರು ಎಳೆ ತಪ್ಪಿಸತೊಡಗುತ್ತಾರೆ. 'ವಯಸ್ಸಾಯ್ತು, ಕೈ ಓಡಲ್ಲ' ಅಂದುಕೊಳ್ಳುತ್ತಾರೆ. ಕೈಗೆ ಏನೂ ಆಗಿರುವುದಿಲ್ಲ, ಕಣ್ಣಿಗೆ ಒಂದೂವರೆ ಪವರ್ ಬೇಕಾಗಿರುತ್ತದೆ. ಅಸ್ಸಾಂನ ಚಹಾ ತೋಟಗಳಲ್ಲಿ 40 ದಾಟಿದ 751 ಕೆಲಸಗಾರರ ಮೇಲೆ ಒಂದು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಬರೀ ಹತ್ತಿರದ ಕನ್ನಡಕ ಕೊಟ್ಟದ್ದಕ್ಕೆ, ಕೊಡದವರಿಗೆ ಹೋಲಿಸಿದರೆ ಎಲೆ ಕೀಳುವ ಪ್ರಮಾಣ ಸುಮಾರು 22% ಏರಿತ್ತು. ಆ ಕೆಲಸಗಾರರೂ ಮೊದಲು ವಯಸ್ಸಾಯ್ತು ಅಂತಲೇ ಸುಮ್ಮನಿದ್ದಿರಬೇಕು, ಅಲ್ವಾ?

ನಾನು ಹೇಳಬೇಕೆಂದಿರುವುದು ಇದೇ. ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ಎಷ್ಟೋ ಸಂಗತಿಗಳು ವಯಸ್ಸಿನವಲ್ಲ. ನಿಮ್ಮ ಭಯವನ್ನು ಒಟ್ಟಾಗಿ ನೋಡಬೇಡಿ, ಬಿಡಿಸಿ ನೋಡಿ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇದು ಇನ್ನೂ ನಿಜ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಎಷ್ಟೋ ಹಳ್ಳಿಗಳಲ್ಲಿ ಆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಕುತ್ತಿಗೆ, ಸೊಂಟ, ಮಂಡಿ ಬಿಗಿತ. ಐವತ್ತಕ್ಕೇ ಬಗ್ಗಿ ನಡೆಯುವವರನ್ನು ನೋಡಿ ಊರಿನವರು 'ವಯಸ್ಸಾಯ್ತಲ್ಲ ಪಾಪ' ಅನ್ನುತ್ತಾರೆ. ಅದು ನೀರಿನ ಕೆಲಸ. ನಿಮ್ಮ ಅಪ್ಪ ಅಮ್ಮ ಊರಲ್ಲೇ ಇದ್ದರೆ ಮೊದಲು ಅವರು ಕುಡಿಯುವ ನೀರು ಯಾವುದು ಅಂತ ಕೇಳಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತಾ, ಅಡುಗೆಗೆ ಮಾತ್ರ ಬೋರ್‌ವೆಲ್ ನೀರು ಹಾಕುವ ಮನೆಗಳೂ ಬೇಕಾದಷ್ಟಿವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಮರೆವೂ ಹಾಗೆಯೇ. ಬೀಗದ ಕೈ ಎಲ್ಲಿಟ್ಟೆ ಅಂತ ಮರೆತರೆ ಸಾಕು, ನಲವತ್ತರವರೂ ಗೂಗಲ್ ಮಾಡಿ ನಿದ್ದೆಗೆಡುತ್ತಾರೆ. ಥೈರಾಯ್ಡ್, ಬಿ12 ಕೊರತೆ, ನಿದ್ದೆ ಕಮ್ಮಿಯಾಗುವುದು ಎಲ್ಲವೂ ಮರೆವು ತರುತ್ತವೆ, ಇವಕ್ಕೆ ಔಷಧಿ ಇದೆ. ಡಿಮೆನ್ಷಿಯಾ ಬೇರೆ, ಅದು ನೆನಪು, ಯೋಚನೆ ಎರಡೂ ಕುಗ್ಗುತ್ತಾ ಹೋಗುವ ಕಾಯಿಲೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 7.4% ಜನರಿಗೆ ಅದು ಇದೆ ಅಂತ ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇಲ್ಲ ಅಂತಾಯಿತಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ, ಡಿಮೆನ್ಷಿಯಾ ಬರುವ ಅಪಾಯ ಹೆಚ್ಚಿಸುವ, ಆದರೆ ನಾವು ಹತೋಟಿಗೆ ತರಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ, ಬೀಡಿ ಸಿಗರೇಟು ಎಲ್ಲಾ ಅದರಲ್ಲಿವೆ. ಆ ವರ್ಷ ಹೊಸದಾಗಿ ಸೇರಿಸಿದ ಎರಡರಲ್ಲಿ ಒಂದು, ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷ. ವ್ಯಾಪಾರಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ! ನನ್ನ ಹತ್ತಿರ ಬರದಿದ್ದರೂ ಪರವಾಗಿಲ್ಲ, ಅಮ್ಮನಿಗೆ ಕಣ್ಣಿನ ಪೊರೆ ಬಂದಿದೆಯಾ ಅಂತ ಒಮ್ಮೆ ತೋರಿಸಿ.

ಇನ್ನು ನಿಜವಾಗಿಯೂ ವಯಸ್ಸಿನದೇ ಆದದ್ದು. ಕೂದಲು ಬೆಳ್ಳಗಾಗುತ್ತದೆ, ಚರ್ಮ ಸಡಿಲವಾಗುತ್ತದೆ. ಬಣ್ಣ ಹಚ್ಚಿಕೊಳ್ಳಿ, ಬಿಡಿ, ಅದರಲ್ಲಿ ಚರ್ಚೆ ಮಾಡುವಂಥದ್ದು ಏನಿಲ್ಲ. ಮುಖ್ಯವಾದದ್ದು ಮಾಂಸಖಂಡ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ 3ರಿಂದ 8% ಕರಗುತ್ತಾ ಹೋಗುತ್ತದೆ. ನಿಮ್ಮ ಅಜ್ಜಿ ಹಾಸಿಗೆ ಹಿಡಿದದ್ದು ಹೇಗೆ ಅಂತ ನೀವು ಬರೆದಿಲ್ಲ. ಆದರೆ ನಮ್ಮ ಕಡೆ ತುಂಬಾ ಮನೆಗಳಲ್ಲಿ ಕಥೆ ಒಂದೇ. ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು, ಮತ್ತೆ ಎದ್ದು ಓಡಾಡಲೇ ಇಲ್ಲ. ಲಕ್ಷಗಟ್ಟಲೆ ಸುರಿದು ಕನ್ನಡಿಯಂಥ ಗ್ರಾನೈಟ್ ಹಾಕಿಸುತ್ತಾರೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ಪೈಪ್ ಹಾಕಿಸಲು ಮನಸ್ಸು ಬರುವುದಿಲ್ಲ. ನನಗೆ ಇದನ್ನು ನೋಡಿದರೆ ನಿಜಕ್ಕೂ ಸಿಟ್ಟು ಬರುತ್ತದೆ.

ಕಾಲಿನ ಬಲಕ್ಕೆ ಈಗಿನಿಂದಲೇ ಏನಾದರೂ ಮಾಡಿ. ನಡೆದರೆ ಒಳ್ಳೆಯದೇ, ಆದರೆ ಬರೀ ನಡಿಗೆ ಸಾಲದು. ತೂಕ ಎತ್ತಬೇಕು, ಇಲ್ಲವೇ ಬಸ್ಕಿ ಹೊಡೆಯಬೇಕು. ನೆಲದ ಮೇಲೆ ಕೂತು ಮುದ್ದೆ ಊಟ ಮಾಡಿ, ಕೈ ಊರದೆ ಏಳುವ ಅಭ್ಯಾಸ ಇದ್ದರೆ ಬಿಡಬೇಡಿ. ಮುದ್ದೆ ಜೊತೆ ಅವರೆಕಾಳು, ಹುರುಳಿಕಾಳು, ಮೊಟ್ಟೆ ಕೂಡ ತಟ್ಟೆಯಲ್ಲಿರಲಿ.

ಇಷ್ಟೆಲ್ಲಾ ಹೇಳಿದರೂ ನಿಮ್ಮ ಭಯದ ಬುಡದಲ್ಲಿ ಇರುವುದು ಮಂಡಿ, ಕಣ್ಣು ಅಲ್ಲ ಅಂತ ನನಗೆ ಅನ್ನಿಸುತ್ತದೆ. ಇನ್ನೊಬ್ಬರ ಕೈಗೆ ಬೀಳುವುದು, ಅದು. 'ಕೈಕಾಲು ಆಡ್ತಿರೋವಾಗ್ಲೇ ಹೋಗ್ಬಿಡಬೇಕಪ್ಪ' ಅಂತ ನಮ್ಮವರು ಹೇಳುವುದೂ ಅದಕ್ಕೇ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಯಾರ ಹತ್ತಿರವೂ ಇರಲಾರದು. ನಮ್ಮ ಜಿಲ್ಲೆಯಲ್ಲಿ ಈ ಮಾತು ಬಂದರೆ ಯಾರಾದರೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರು ತೆಗೆಯುತ್ತಾರೆ. ನೂರು ದಾಟಿ ಬದುಕಿದವರು, 1955ರಲ್ಲಿ ಭಾರತರತ್ನ ಬಂದಾಗಲೇ ತೊಂಬತ್ತು ದಾಟಿತ್ತು. ದೊಡ್ಡವರು, ಸರಿ. ಆದರೆ ಹೆದರಿರುವವರಿಗೆ ಅವರ ಉದಾಹರಣೆ ಕೊಡುವುದು ಉಪಯೋಗವಿಲ್ಲ. ಹಾಗೆ ಬದುಕಲಾಗದಿದ್ದರೆ ಸೋತೆ ಅನ್ನುವ ಇನ್ನೊಂದು ಹೆದರಿಕೆ ಸೇರಿಕೊಳ್ಳುತ್ತದೆ.

ಮದುವೆಯಾಗಿಲ್ಲ, ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ಅಂಗಡಿಗೆ ವಯಸ್ಸಾದವರನ್ನು ಕರೆದುಕೊಂಡು ಬರುವವರು ಯಾರು ಅಂತ ನಾನು ಗಮನಿಸುತ್ತಿರುತ್ತೇನೆ. ಮಕ್ಕಳು ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಪಕ್ಕದ ಮನೆಯ ಸೊಸೆ, ತಂಗಿಯ ಮಗ, ಆಶಾ ಕಾರ್ಯಕರ್ತೆ, ಹಿಂದೆ ಜೊತೆಗೆ ಕೆಲಸ ಮಾಡಿದವರೂ ಅಷ್ಟೇ ಬರುತ್ತಾರೆ. ಮೂವರು ಮಕ್ಕಳಿದ್ದೂ ಆಟೋದಲ್ಲಿ ಒಬ್ಬರೇ ಬರುವವರೂ ಇದ್ದಾರೆ. ಹಾಗಾಗಿ ಮಕ್ಕಳಿದ್ದರೆ ಭದ್ರ, ಇಲ್ಲದಿದ್ದರೆ ಗತಿಯಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರ ಜೊತೆ ಸ್ನೇಹ ಇರಲಿ. ಅವರ ಕಷ್ಟಕ್ಕೆ ಈಗ ಆಗಿ. ನಿಮಗೆ ಜ್ವರ ಬಂದ ದಿನ 'ಒಂದು ಗಂಜಿ ತಂದುಕೊಡು' ಅಂತ ಕೇಳುವುದನ್ನೂ ಕಲಿಯಿರಿ. ಇದು ನಮ್ಮ ಗಂಡಸರಿಗಂತೂ ಬಹಳ ಕಷ್ಟದ ವಿದ್ಯೆ.

ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಅವರ 2002ರ ಅಧ್ಯಯನ ಒಂದಿದೆ. ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರ ಮಾಹಿತಿ ನೋಡಿದ್ದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಯೋಚನೆ ಬದಲಿಸಿದ ಕೂಡಲೇ ಆಯುಸ್ಸು ಬೆಳೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ 'ಇನ್ನೇನಿದೆ, ವಯಸ್ಸಾಯ್ತು' ಅಂದುಕೊಂಡವರು ಮಾತ್ರೆ ಬಿಡುತ್ತಾರೆ, ನಡೆಯುವುದು ಬಿಡುತ್ತಾರೆ, ಕನ್ನಡಕ ಒಡೆದರೆ ರಿಪೇರಿಗೂ ತರುವುದಿಲ್ಲ. ಅದನ್ನು ನೋಡುತ್ತಲೇ ಇದ್ದೇನೆ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಕನ್ನಡಿ ಮುಂದೆ ಪದೇ ಪದೇ ಹೋಗಿ ನಿಲ್ಲುವಂತಾಗಿದ್ದರೆ, ಎದೆ ಬಡಿತ ಏರಿ ಕೆಲಸಕ್ಕೇ ತೊಂದರೆಯಾಗುತ್ತಿದ್ದರೆ ಅದನ್ನು ಸುಮ್ನೆ ನುಂಗಿಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇಂಥ ಭಯಕ್ಕೆ ಮಾತಿನ ಚಿಕಿತ್ಸೆಯಿಂದ ಗುಣ ಸಿಗುತ್ತದೆ. ಬೆಂಗಳೂರಲ್ಲೇ ಇರುವುದರಿಂದ ನಿಮ್ಹಾನ್ಸ್ ಕೂಡ ದೂರವಿಲ್ಲ.

ಕೊನೆಗೆ ದುಡ್ಡಿನ ಮಾತು. ಊರಲ್ಲಿ ಅಪ್ಪ ಅಮ್ಮನಿಗೆ 60 ದಾಟಿದ್ದು, ಜಮೀನನ್ನು ಯಾರಿಗಾದರೂ ದಾನಪತ್ರ ಮಾಡಿಕೊಡುವ ಯೋಚನೆ ಇದ್ದರೆ, 'ನಮ್ಮನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸಬಹುದು. ನಿಮ್ಮ ವಿಷಯಕ್ಕೆ ಬಂದರೆ, ಅಟಲ್ ಪಿಂಚಣಿಗೆ ಸೇರಲು 40 ವರ್ಷದವರೆಗೆ ಮಾತ್ರ ಅವಕಾಶ, ನಿಮಗೆ ಇನ್ನೂ ಸಮಯ ಇದೆ. 60ರ ನಂತರ ತಿಂಗಳಿಗೆ ಬರುವುದು ಹೆಚ್ಚೆಂದರೆ 5,000 ರೂಪಾಯಿ, ಅದನ್ನೇ ನಂಬಿಕೊಂಡು ಇರುವಂತಿಲ್ಲ. ಆದಾಯ ತೆರಿಗೆ ಕಟ್ಟುವವರಾದರೆ ಅದೂ ಸಿಗುವುದಿಲ್ಲ, ಆಗ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಬಗ್ಗೆ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.