ದೇವರನ್ನು ನಂಬದ ಗೆಳೆಯನ ಪ್ರಶ್ನೆಗಳಿಗೆ ಕ್ರೈಸ್ತನಾದ ನಾನು ಉತ್ತರ ಸಿದ್ಧಮಾಡಿಟ್ಟುಕೊಳ್ಳಬೇಕೇ, ಇಲ್ಲವೇ ಅವನಿಂದ ದೂರವಿರಬೇಕೇ?

ಎರಡೂ ಬೇಡ. ದೇವರಿದ್ದರೆ ಮಕ್ಕಳೇಕೆ ಸಾಯುತ್ತಾರೆ ಎಂದು ರೂಮಿನ ಗೆಳೆಯ ಕೇಳಿದಾಗ ಬಾಯಿ ಕಟ್ಟಿತು, ನಂಬಿಕೆಯೇ ಸೋತಂತಾಯಿತು ಎಂದು ಬರೆದಿದ್ದೀರಿ. ಇಂಥದೇ ಪ್ರಶ್ನೆ ಎದುರಾದಾಗ ನನ್ನ ಬಾಯಿ ಕಟ್ಟಲಿಲ್ಲ. ಕಟ್ಟಿದ್ದರೆ ಚೆನ್ನಾಗಿತ್ತು.

ನಮ್ಮದು ಧಾರವಾಡದ ಕಡೆಯ, ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಕುಟುಂಬ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಇವರೆಲ್ಲ ನಮ್ಮ ಅಜ್ಜನ ಬಾಯಲ್ಲಿ ಮನೆತನದ ಹಿರಿಯರೇನೋ ಎಂಬಂತೆ ಬರುತ್ತಿದ್ದರು. ಓದಿದವನೇ ಒಳ್ಳೆಯ ಕ್ರೈಸ್ತ ಎಂಬ ಗರ್ವ ಮನೆಯ ಗಾಳಿಯಲ್ಲೇ ಇತ್ತು. ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿ ಅಂಚೆಯ ಮೂಲಕ ದೇವತಾಶಾಸ್ತ್ರದ ಕೋರ್ಸ್ ಮುಗಿಸಿದೆ. ಯುವಜನ ಸಂಘದಲ್ಲಿ ಯಾರೇ ಕಠಿಣ ಪ್ರಶ್ನೆ ಎತ್ತಲಿ, ಚರ್ಚಿನ ಅಯ್ಯನವರು ನನ್ನ ಕಡೆ ನೋಡುತ್ತಿದ್ದರು.

ಆ ದಿನಗಳಲ್ಲೇ ಚಿಕ್ಕಪ್ಪನ ಮಗನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಮಣ್ಣು ಮಾಡಿ ಬಂದ ಕೆಲವು ದಿನಗಳ ನಂತರ ಅವರ ಮನೆಗೆ ಹೋದೆ. ಅವಳ ಗಂಡ, ನನ್ನ ಆ ತಮ್ಮ, ನೆಲದ ಮೇಲೆ ಕೂತು ಉಳಿದ ಔಷಧಿಗಳನ್ನು ವಿಂಗಡಿಸುತ್ತಿದ್ದ. ಕತ್ತರಿಸದ ಮಾತ್ರೆಯ ಪಟ್ಟಿಗಳನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನಂತೆ. ಒಂದೊಂದನ್ನೂ ತಿರುಗಿಸಿ ಅವಧಿ ಮುಗಿಯುವ ತಿಂಗಳು ಓದಿ, ಬಿಲ್ಲಿನೊಂದಿಗೆ ತಾಳೆ ನೋಡಿ, ಒಂದು ಕಡೆ ಜೋಡಿಸುತ್ತಿದ್ದ. ತಲೆ ಎತ್ತದೆಯೇ ಕೇಳಿದ: “ಅಣ್ಣಾ, ಇಷ್ಟು ಜನ ಮೊಣಕಾಲೂರಿದೆವಲ್ಲ, ಅದಕ್ಕೆ ಏನಾದರೂ ಅರ್ಥವಿತ್ತಾ?”

ನಾನು ಶುರುಮಾಡಿದೆ. ಕೇಡು ಎಂಬುದು ಸ್ವತಂತ್ರ ವಸ್ತುವಲ್ಲ, ಒಳಿತಿನ ಅಭಾವ ಎಂದು ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನ್ ಹೇಳಿದ್ದನ್ನು ವಿವರಿಸಿದೆ. ಸಾಧ್ಯವಿರುವ ಲೋಕಗಳಲ್ಲಿ ಇದೇ ಅತ್ಯುತ್ತಮ ಎಂಬ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ನ ವಾದವನ್ನು ಹೇಳಿ, ಅದರ ದೋಷವನ್ನೂ ತೋರಿಸಿದೆ. ಪೋರ್ಚುಗಲಿನಲ್ಲಿ ನಡೆದ 1755ರ ಲಿಸ್ಬನ್ ಭೂಕಂಪವನ್ನೂ ಬಿಡಲಿಲ್ಲ: ನವೆಂಬರ್ 1, ಸಕಲ ಸಂತರ ಹಬ್ಬ, ಆರಾಧನೆಗೆ ಬಂದಿದ್ದವರ ಮೇಲೆಯೇ ಚರ್ಚುಗಳು ಕುಸಿದವು, ಆದರೂ ಯುರೋಪಿನಲ್ಲಿ ನಂಬಿಕೆ ಉಳಿಯಿತು ಎಂದೆ. ಸಾವಿನ ಮನೆಯಲ್ಲಿ ಲಿಸ್ಬನ್! ಅವನು “ಆಯಿತಣ್ಣ” ಎಂದ. ಆಮೇಲೆ ಅವನು ನನ್ನೊಂದಿಗೆ ಮನಸ್ಸು ಬಿಚ್ಚಿ ಮಾತನಾಡಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಊಟವಾಯಿತೇ ಎನ್ನುತ್ತಾನೆ, ಅಷ್ಟೇ.

ಸಮಯ ನೋಡಿ ಮಾತನಾಡಬೇಕಿತ್ತು ಎಂದು ಮನೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಮಾತನ್ನು ವರ್ಷ ಕಳೆದು ಆಡಿದ್ದರೂ ತಪ್ಪೇ. ವಾದ ಸುಳ್ಳಾಗಿತ್ತು ಎಂದೂ ಅಲ್ಲ, ಅದರಲ್ಲಿ ಕೆಲವನ್ನು ಇಂದಿಗೂ ನಂಬುತ್ತೇನೆ. ತಪ್ಪು ಬೇರೆ ಕಡೆ ಇತ್ತು. ಅವನು ದೇವರ ಮೇಲೆ ದೂರು ಹೇಳುತ್ತಿದ್ದ, ದೇವರಿಗೇ ಕೇಳಿಸುವಂತೆ ಹೇಳುತ್ತಿದ್ದ. ನಾನು ನಡುವೆ ನುಗ್ಗಿ ದೇವರ ಪರ ವಕಾಲತ್ತು ವಹಿಸಿದೆ. ಯಾರೂ ನೇಮಿಸದ ವಕೀಲ. ಹಾಗೆ ವಹಿಸಿಕೊಂಡ ಕ್ಷಣಕ್ಕೆ ಅವನು ಎದುರು ಪಕ್ಷದವನಾಗಿಬಿಟ್ಟ. ಅವನ ಹೆಂಡತಿಯ ಸಾವು ಯಾವುದೋ ಸಾಮಾನ್ಯ ನಿಯಮಕ್ಕೆ ಒಂದು ಉದಾಹರಣೆಯಾಯಿತು. ಆ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದವನು ಅವನೊಬ್ಬನೇ, ನಾನು ಉಪನ್ಯಾಸ ಕೊಡುತ್ತಿದ್ದೆ. ನಂಬಿಕೆ ಅವನ ಬಾಯಲ್ಲಿತ್ತು, ನನ್ನ ಬಾಯಲ್ಲಿ ಪಠ್ಯಕ್ರಮವಿತ್ತು. ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ ಎನಿಸಿದರೆ ಕ್ಷಮಿಸಿ. ಇಷ್ಟು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ನಾಚಿಕೆಯ ಸಂಗತಿಯೆಂದರೆ ಇದೆಲ್ಲ ಬೈಬಲಿನ ಯೋಬನ ಗ್ರಂಥದಲ್ಲೇ ಇದೆ, ನಾನು ಅದನ್ನು ಓದಿ ಅಂಕ ಪಡೆದಿದ್ದೆ. ಎಲ್ಲವನ್ನೂ ಕಳೆದುಕೊಂಡ ಯೋಬನನ್ನು ಸಂತೈಸಲು ಬಂದ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಒಳ್ಳೆಯವರೇ. ಬಾಯಿ ತೆರೆದ ಮೇಲೆ ಕೆಟ್ಟರು. ಮಕ್ಕಳನ್ನೆಲ್ಲ ಕಳೆದುಕೊಂಡ ತಂದೆಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಿರಬೇಕು ಎಂದು ಬಿಲ್ದದ ಹೇಳುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಈ ಮೂವರ ಮೇಲೆ. ತನ್ನನ್ನು ಸಮರ್ಥಿಸಿದ ಇವರಲ್ಲ, ತನ್ನ ಮೇಲೆ ಕೂಗಾಡಿದ ಯೋಬನೇ ಸರಿಯಾಗಿ ಮಾತನಾಡಿದ ಎನ್ನುತ್ತಾನೆ. ಸತ್ಯವೇದದಲ್ಲಿ ಹುಡುಕಿದರೆ ಇಂಥ ಕೂಗು ಬೇಕಾದಷ್ಟು ಸಿಗುತ್ತದೆ. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಯಾರೂ ಅದಕ್ಕೆ ಸಮಾಧಾನದ ಸಾಲು ಸೇರಿಸಲಿಲ್ಲ. ಶಿಲುಬೆಯ ಮೇಲೆ ಯೇಸು ಸ್ವಾಮಿಯೂ ಏಕೆ ಕೈಬಿಟ್ಟೆ ಎಂದೇ ಕೂಗಿದ್ದು.

ಆದ್ದರಿಂದ ನಿಮ್ಮ ಲೆಕ್ಕಾಚಾರವೇ ನನಗೆ ಸರಿಯೆನಿಸುವುದಿಲ್ಲ. ನೀವು ಉತ್ತರಿಸಿದರೆ ನಂಬಿಕೆ ಗೆದ್ದಿತು, ತಡವರಿಸಿದರೆ ಸೋತಿತು ಎಂದುಕೊಂಡಿದ್ದೀರಿ. ನಿಮ್ಮ ನಾಲಿಗೆಯ ಮೇಲೆ ಅಷ್ಟೊಂದು ಭಾರ ಯಾರೂ ಹೊರಿಸಿಲ್ಲ. ಉತ್ತರ ಹೇಳಲು ಸಿದ್ಧರಾಗಿರಿ ಎಂಬ, ಯೇಸುವಿನ ಶಿಷ್ಯ ಪೇತ್ರನ ಮಾತನ್ನು ನಿಮ್ಮ ಗುಂಪಿನ ನಾಯಕರು ಹೇಳಿದರೆಂದು ಬರೆದಿದ್ದೀರಿ. ಅದೇ ವಚನದ ಮುಂದಿನ ಭಾಗದಲ್ಲಿ, ಅದನ್ನು ಸಾತ್ವಿಕತೆಯಿಂದ ಹೇಳಿರಿ ಎಂದೂ ಇದೆ. ನಮ್ಮವರು ಅಲ್ಲಿಯವರೆಗೆ ಓದುವುದೇ ಅಪರೂಪ.

ನಿಮ್ಮ ಗೆಳೆಯ ಮಕ್ಕಳೇಕೆ ಸಾಯುತ್ತಾರೆ ಎಂದು ಕೇಳಿದನಲ್ಲ, ಯಾವ ಮಗು ಎಂದು ಅವನನ್ನು ಕೇಳಿದಿರಾ? ಬಹುಶಃ ಯಾವ ಮಗುವೂ ಇರಲಿಕ್ಕಿಲ್ಲ, ವಾದದ ಚಟವೇ ಇರಬಹುದು. ಹಾಗಿದ್ದರೆ ಸಂತೋಷವಾಗಿ ವಾದಿಸಿ, ಸೋತರೆ ಚಹಾ ಕೊಡಿಸಿ. ಕ್ರೈಸ್ತರ ಮದುವೆ ಜಾಹೀರಾತಿನಲ್ಲಿ ಜಾತಿ ಏಕೆ ಎಂದು ಕೇಳಿದರೆ ಸಮರ್ಥನೆಗೆ ಇಳಿಯಬೇಡಿ, ಅವನು ಹೇಳುವುದು ನಿಜ, ಒಪ್ಪಿಕೊಳ್ಳಿ. ಆದರೆ ನಿಜವಾಗಿಯೂ ಒಂದು ಮಗುವಿದ್ದರೆ, ಅವನ ಅಕ್ಕನದೋ ತಮ್ಮನದೋ, ಆಗ ಆ ಮಗುವಿನ ಹೆಸರು ಕೇಳಿ, ಅವನು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳಿ.

ಉತ್ತರಗಳ ಪುಸ್ತಕ ಕೊಳ್ಳಲು ಹಣ ಹಾಕಬೇಡಿ. ಯೋಬನ ಗ್ರಂಥವನ್ನು 3ನೇ ಅಧ್ಯಾಯದಿಂದ 31ರವರೆಗೆ ಗಟ್ಟಿಯಾಗಿ ಓದಿ. ಎಲ್ಲವೂ ಇಮ್ಮಡಿಯಾಗಿ ಮರಳಿ ಸಿಕ್ಕಿತು ಎಂಬ ಕೊನೆಯ ಅಧ್ಯಾಯಕ್ಕೆ ಈಗಲೇ ಹಾರಬೇಡಿ. ಇನ್ನು ರೂಮು ಬದಲಿಸುವ ಯೋಚನೆ ಬಿಟ್ಟುಬಿಡಿ. ಮಧ್ಯದಲ್ಲಿ ಖಾಲಿ ಮಾಡಿದರೆ ಮುಂಗಡ ಹಣ ಪೂರ್ತಿ ವಾಪಸು ಬರುವುದೂ ಅನುಮಾನ.