ಹಳೆಯ ಮನೆಯ ಮೇಲೆ ಮಹಡಿ ಕಟ್ಟಲು ಪಾಲಿಕೆಯ ಪರವಾನಗಿ ಬೇಕೇ? ಬೇಕಿದ್ದರೆ ಎಲ್ಲಿಂದ ಶುರು ಮಾಡಬೇಕು?

ತಂದೆಯವರು ಮೂವತ್ತು ವರ್ಷಗಳ ಹಿಂದೆ 30x40 ನಿವೇಶನದಲ್ಲಿ ಕಟ್ಟಿಸಿದ ಮನೆಯ ತಾರಸಿಯ ಮೇಲೆ ಎರಡು ಕೋಣೆ, ಒಂದು ಬಚ್ಚಲುಮನೆ ಕಟ್ಟಿಸಬೇಕೆಂದಿದ್ದೀರಿ. ಸ್ವಂತ ಮನೆಯ ಮೇಲೆ ಕಟ್ಟುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ಮೇಸ್ತ್ರಿ ಹೇಳುತ್ತಿದ್ದಾರೆ, ಇದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ ಅಡಿಯಲ್ಲಿ (ಬೆಂಗಳೂರಿಗೆ ಈಗ ಬೇರೆಯೇ ಕಾಯಿದೆಯಿದೆ), ಪುರಸಭೆ ಅಥವಾ ನಗರಸಭೆಯ ಊರಾದರೆ 1964ರ ಪುರಸಭೆಗಳ ಅಧಿನಿಯಮದಡಿ, ಹಳ್ಳಿಯಾದರೆ 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಪರವಾನಗಿ ಪಡೆದೇ ಕೆಲಸ ಆರಂಭಿಸಬೇಕು. ಪಾಲಿಕೆಯ ಅಧಿನಿಯಮದ 321ನೇ ಕಲಂ ಪ್ರಕಾರ ಅನಧಿಕೃತ ಭಾಗವನ್ನು ಕೆಡವುವಂತೆ ಮೊದಲು ತಾತ್ಕಾಲಿಕ ಆದೇಶವೂ, ನಿಮ್ಮ ವಿವರಣೆ ಒಪ್ಪಿಗೆಯಾಗದಿದ್ದರೆ ಅದನ್ನು ದೃಢೀಕರಿಸುವ ಆದೇಶವೂ ಬರುತ್ತವೆ. ಅಂಥ ಹೊತ್ತಿನಲ್ಲಿ ಮೇಸ್ತ್ರಿ ನಿಮ್ಮ ಜೊತೆ ನಿಂತಿರುವುದಿಲ್ಲ.

ನಾನು ಮಧ್ಯ ಕರ್ನಾಟಕದ ಒಂದು ನಗರದಲ್ಲಿ ಇದೇ ಕೆಲಸವನ್ನು ಮಾಡಿಸಿದವನು. ಅರ್ಜಿ ಹಾಕಿದ್ದು ಮೇಲಿನ ಮಹಡಿಗೆ, ಪರೀಕ್ಷೆಗೆ ಒಳಗಾದದ್ದು ಕೆಳಗಿನ ಮನೆ. ಹಾಗಾಗಿ ಹೊಸ ನಕ್ಷೆ ಬರೆಸುವ ಮೊದಲು ಹಳೆಯ ಮಂಜೂರಾದ ನಕ್ಷೆಯನ್ನು ಹುಡುಕಿಕೊಂಡು, ಟೇಪು ಹಿಡಿದು ಮನೆಯನ್ನು ಅದರೊಂದಿಗೆ ಹೋಲಿಸಿ ನೋಡಿ.

ನಮ್ಮ ತಂದೆಯವರ ಟ್ರಂಕಿನಲ್ಲಿ 1989ರ ನಕ್ಷೆ ಇತ್ತು. ನೀಲಿ ಗೆರೆಗಳ ಆ ಅಮೋನಿಯಾ ಪ್ರಿಂಟು ಮಡಿಕೆಗಳಲ್ಲಿ ಹರಿದು, ಅಂಚಿನ ಅಳತೆಗಳು ಮಾಸಿಹೋಗಿದ್ದವು. ಅದರ ಪ್ರಕಾರ ಮೆಟ್ಟಿಲು ಮನೆಯ ಒಳಗೆ, ಎಡಕ್ಕೆ ಮೂರೂವರೆ ಅಡಿ ಖಾಲಿ ಜಾಗ. ಆದರೆ ಕಟ್ಟುವಾಗ ತಂದೆಯವರು ನಡುಮನೆ ದೊಡ್ಡದಾಗಲಿ ಎಂದು ಮೆಟ್ಟಿಲನ್ನು ಅದೇ ಖಾಲಿ ಜಾಗಕ್ಕೆ ಹಾಕಿಸಿದ್ದರು. ಹಿಂದುಗಡೆ ತಾಯಿಯವರ ಪಾತ್ರೆ ತೊಳೆಯುವ ಕಟ್ಟೆಗೆ ಶೀಟು ಹೊದಿಸಿ, ಕಾಂಪೌಂಡಿಗೆ ತಾಗಿಸಿ ಒಂದು ಕೋಣೆಯನ್ನೇ ಮಾಡಿಕೊಂಡಿದ್ದೆವು. ಆ ಮನೆಯಲ್ಲೇ ಬೆಳೆದ ನಮಗೆ ಅದು ಉಲ್ಲಂಘನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನಕ್ಷೆ ಬರೆದವರು ಮನೆಯನ್ನು ಅಳೆಯದೆ ಹಳೆಯ ನಕ್ಷೆಯನ್ನೇ ನಕಲು ಮಾಡಿ ಅದರ ಮೇಲೊಂದು ಮಹಡಿ ಬರೆದುಕೊಟ್ಟರು, ನಾನೂ ಸಹಿ ಹಾಕಿದೆ. ಸ್ಥಳ ಪರಿಶೀಲನೆಗೆ ಬಂದ ಕಿರಿಯ ಇಂಜಿನಿಯರು ಟೇಪಿನ ತುದಿಯನ್ನು ಕಾಂಪೌಂಡಿಗೆ ಒತ್ತಿ ಹಿಡಿಯಲು ನನಗೇ ಕೊಟ್ಟು, ಮೆಟ್ಟಿಲಿನವರೆಗೆ ಅಳೆದು, ನಾಲ್ಕು ಇಂಚು ಎಂದು ಬರೆದುಕೊಂಡು ಹೋದರು. ಹದಿನೈದು ದಿನಗಳಲ್ಲಿ ಹಿಂಬರಹ ಬಂತು: ಸ್ಥಳದಲ್ಲಿರುವ ಕಟ್ಟಡವು ಮಂಜೂರಾದ ನಕ್ಷೆಗೆ ಹೊಂದಿಕೆಯಾಗಿಲ್ಲ, ಆದ್ದರಿಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ.

ಎರಡನೆಯ ಸಲ ಬೇರೊಬ್ಬ ಇಂಜಿನಿಯರಿಂದ ಇದ್ದದ್ದನ್ನು ಇದ್ದಂತೆಯೇ ಅಳೆಸಿ ನಕ್ಷೆ ಮಾಡಿಸಿದೆ. ಇಂಥ ನಕ್ಷೆಯಲ್ಲಿ ಹೊಸದಾಗಿ ಕಟ್ಟುವುದನ್ನು ಕೆಂಪಿನಲ್ಲಿ, ಕೆಡವುವುದನ್ನು ಹಳದಿಯಲ್ಲಿ ತೋರಿಸುತ್ತಾರೆ. ನಮ್ಮ ನಕ್ಷೆಯಲ್ಲಿ ಹಿಂದಿನ ಶೀಟಿನ ಕೋಣೆಯೂ ಹೊರಗಿನ ಮೆಟ್ಟಿಲೂ ಹಳದಿಯಾಗಿದ್ದವು. ಮೆಟ್ಟಿಲು ಒಳಗೆ ಬಂದದ್ದರಿಂದ ನಡುಮನೆ ಮತ್ತೆ ಕಿರಿದಾಯಿತು, ದೇವರ ಕೋಣೆ ಒಂದು ಗೂಡಿಗೆ ಇಳಿಯಿತು. ತಾಯಿಯವರಿಗೆ ಈಗಲೂ ಅದರ ಬಗ್ಗೆ ಅಸಮಾಧಾನವಿದೆ. ಆದರೆ ಅರ್ಜಿ ಮುಂದೆ ಸರಿಯಿತು. ಸಣ್ಣ ವ್ಯತ್ಯಾಸಗಳಿಗೆ ಬೈಲಾಗಳಲ್ಲಿ ಸ್ವಲ್ಪ ವಿನಾಯಿತಿ ಇರುವುದುಂಟು (ಬೆಂಗಳೂರಿನ 2003ರ ಬೈಲಾದಲ್ಲಿ ಅದು ಶೇ 5ರವರೆಗೆ ಇತ್ತು). ಸೆಟ್‌ಬ್ಯಾಕಿನಲ್ಲಿ (ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗದಲ್ಲಿ) ಮೆಟ್ಟಿಲನ್ನೇ ಕಟ್ಟಿಕೊಂಡವರಿಗೆ ಅದು ಯಾವ ಮೂಲೆಗೂ ಸಾಲದು.

ಹಳೆಯ ನಕ್ಷೆ ಮನೆಯಲ್ಲಿಲ್ಲದಿದ್ದರೆ ನಗರ ಯೋಜನಾ ಶಾಖೆಯಿಂದ ದೃಢೀಕೃತ ನಕಲು ಕೇಳಿ. ಕಡತ ಸಿಗುತ್ತಿಲ್ಲ ಎಂಬ ಬಾಯಿಮಾತಿನ ಉತ್ತರ ಬಂದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ ಸುಮಾರು 150 ಪದಗಳೊಳಗೆ. ಆದ್ದರಿಂದ ಮನೆಯ ಕಥೆಯನ್ನೆಲ್ಲ ಬರೆಯದೆ ಖಾತಾ ಸಂಖ್ಯೆ, ಅಂದಾಜು ವರ್ಷ, ಬೇಕಾದ ದಾಖಲೆ ಇಷ್ಟನ್ನೇ ಬರೆಯಿರಿ. ಉತ್ತರ ಕೊಡಲು ಕಾಯಿದೆಯಲ್ಲಿರುವ ಗಡುವು 30 ದಿನ.

ಇನ್ನೊಂದು ವಿಷಯದಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ. ಆ ಕಾಲದ ಅನೇಕ ಮನೆಗಳು ಪಿಲ್ಲರ್ ಇಲ್ಲದೆ ಗೋಡೆಗಳ ಮೇಲೆಯೇ ಭಾರ ಹೊತ್ತು ನಿಂತವು. ಪಾಯದ ಆಳ ಎಷ್ಟೆಂದು ಕಟ್ಟಿಸಿದವರಿಗೂ ನೆನಪಿರುವುದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರು ಒಂದೆರಡು ಕಡೆ ಪಾಯದ ಪಕ್ಕ ಗುಂಡಿ ತೆಗೆಸಿ, ಛಾವಣಿಯ ಕಾಂಕ್ರೀಟನ್ನು ಪರೀಕ್ಷಿಸಿ, ಮನೆಯು ಇನ್ನೊಂದು ಮಹಡಿಯನ್ನು ತಾಳುತ್ತದೆ ಎಂದು ಬರೆದುಕೊಡಬೇಕು. ಮನೆಯನ್ನು ನೋಡದೆಯೇ ಪ್ರಮಾಣಪತ್ರ ಕೊಡುವವರೂ ಇದ್ದಾರೆ, ಆ ಕಾಗದದಿಂದ ಕಡತ ತೃಪ್ತಿಯಾಗಬಹುದು, ಗೋಡೆ ಆಗುವುದಿಲ್ಲ. ಹಾಗೆಯೇ ತಲೆಯೆತ್ತಿ ಬೀದಿಯ ವಿದ್ಯುತ್ ತಂತಿಯನ್ನೂ ನೋಡಿ: 11 ಕಿಲೋವೋಲ್ಟ್ ಮಾರ್ಗವಿದ್ದರೆ ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು. ಕೆಳಗಿನ ಮನೆಗೆ ದೂರವಿದ್ದ ತಂತಿ ಮಹಡಿಯ ಬಾಲ್ಕನಿಗೆ ಕೈಗೆಟುಕುವಷ್ಟು ಹತ್ತಿರ ಬಂದುಬಿಡುತ್ತದೆ.

ಉಳಿದ ಕಾಗದಗಳು ನಿಮಗೆ ಗೊತ್ತಿರುವಂಥವೇ: ಕ್ರಯಪತ್ರ ಅಥವಾ ಹಕ್ಕುಪತ್ರ, ಇ-ಖಾತಾ, ಚಾಲ್ತಿ ವರ್ಷದವರೆಗಿನ ತೆರಿಗೆ ರಸೀದಿ, ಋಣಭಾರ ಪತ್ರ. ಖಾತಾ ಇನ್ನೂ ತಂದೆಯವರ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಪೌತಿ ಖಾತಾ (ವಾರಸುದಾರರ ಹೆಸರಿಗೆ ಖಾತಾ ಬದಲಾವಣೆ) ಮೊದಲು ಆಗಬೇಕು. ಒಡಹುಟ್ಟಿದವರ ಒಪ್ಪಿಗೆ ಪಡೆಯಲು ತಗಲುವ ಕಾಲವನ್ನು ನೀವೇ ಅಂದಾಜು ಮಾಡಿಕೊಳ್ಳಿ. ಈಗ ನಕ್ಷೆಗಳನ್ನು ನೋಂದಾಯಿತ ಇಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕ ಆನ್‌ಲೈನಿನಲ್ಲೇ ಸಲ್ಲಿಸಬೇಕು. ಆದರೂ ಲಾಗಿನ್ ಅವರದು, ಮನೆ ನಿಮ್ಮದು ಎಂಬುದು ನೆನಪಿರಲಿ. ಅಪ್‌ಲೋಡ್ ಆದ ಪ್ರತಿಯೊಂದು ಹಾಳೆಯ ನಕಲನ್ನೂ ಕೇಳಿ ಪಡೆಯಿರಿ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ರಾಜ್ಯದ ಸಕಾಲ ಯೋಜನೆಯಡಿ ಅರ್ಜಿ ದಾಖಲಾದರೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ಬರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಆ ಹಣಕ್ಕಿಂತಲೂ ಮೇಲ್ಮನವಿಗೆ ಆ ಸಂಖ್ಯೆ ಆಧಾರವಾಗುವುದೇ ಮುಖ್ಯ.

ಶುಲ್ಕಗಳ ಚಲನ್ ಬಂದಾಗ ಒಂದು ಸಾಲನ್ನು ಗಮನವಿಟ್ಟು ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ನಿರ್ಮಾಣ ವೆಚ್ಚದ ಶೇ 1ರಷ್ಟು. ಆದರೆ ಸ್ವಂತ ವಾಸಕ್ಕೆ ಕಟ್ಟುವ ಮನೆಯ ವೆಚ್ಚ 50 ಲಕ್ಷ ರೂಪಾಯಿ ಮೀರದಿದ್ದರೆ ಅದು ಅನ್ವಯಿಸುವುದಿಲ್ಲ (2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷವಿತ್ತು). ನಿಮ್ಮ ಅಂದಾಜು ಪಟ್ಟಿ ಅದಕ್ಕಿಂತ ಕಡಿಮೆ ಇದ್ದರೆ ಲಿಖಿತವಾಗಿ ಕೇಳಿ.

ಈಗ ಕಟ್ಟಿಬಿಡಿ, ಮುಂದೆ ಸಕ್ರಮವಾಗುತ್ತದೆ ಎಂದೂ ನಿಮಗೆ ಹೇಳುವವರಿರುತ್ತಾರೆ. ನಗರಗಳ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆ ನೀಡಿತು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಸ್ವಾಧೀನಾನುಭವ ಪತ್ರವಿದ್ದರೆ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಮಾತ್ರ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. ಸಣ್ಣ ನಿವೇಶನಗಳ ವಿಷಯದಲ್ಲಿ ಸರ್ಕಾರದ ನಿಲುವು ಆಗಾಗ ಬದಲಾಗುವುದರಿಂದ, ಮಹಡಿಗೆ ಪ್ರತ್ಯೇಕ ಮೀಟರ್ ಬೇಕಿದ್ದರೆ ಆ ಹೊತ್ತಿನ ಸುತ್ತೋಲೆಯನ್ನು ವಿದ್ಯುತ್ ಕಂಪನಿಯ ಉಪವಿಭಾಗದಲ್ಲಿ ಮೊದಲೇ ವಿಚಾರಿಸಿ.

ಪರವಾನಗಿ ಕೈಗೆ ಬಂದ ಮೇಲೆ ಅದರ ಅವಧಿಯನ್ನು ಓದಿ (ನನ್ನದರಲ್ಲಿ ಎರಡು ವರ್ಷವಿತ್ತು), ಮಂಜೂರಾದ ನಕ್ಷೆಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕೆಲಸದ ಜಾಗದಲ್ಲಿ ತೂಗುಹಾಕಿ. ಸೆಂಟ್ರಿಂಗ್ ಹೊಡೆಯುವ ದಿನ ನೀವೇ ಅಲ್ಲಿರಿ. ನಮ್ಮ ಮೇಸ್ತ್ರಿ ಕೇಳದೆಯೇ ಪಕ್ಕದ ಸಜ್ಜಾವನ್ನು ಅರ್ಧ ಅಡಿ ಹೊರಕ್ಕೆ ಎಳೆದಿದ್ದರು. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಕಣ್ಣಿಗೆ ಬಿದ್ದದ್ದರಿಂದ ಹಲಗೆ ಬಿಚ್ಚಿಸಿ ಸರಿ ಮಾಡಿಸಲು ಸಾಧ್ಯವಾಯಿತು.